ದೊಡ್ಡೋಳು ಒಪ್ಪಿಗೆ

ಕತ್ತರಿಸಿದ ಹುಲ್ಲಿನ ವಾಸನೆಯೂ ಹಳೆಯ ಮರಕ್ಕೆ ಬಳಿದ ಎಣ್ಣೆಯ ವಾಸನೆಯೂ ಒಟ್ಟಿಗೆ ಬರುವ ಜಾಗ ನನಗೆ ಗೊತ್ತಿರುವುದು ಒಂದೇ, ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ತೋಟ. ಕಳೆದ ತಿಂಗಳು ಒಂದು ಭಾನುವಾರ ಮಗಳ ಕೈ ಹಿಡಿದು ಅಲ್ಲಿನ ಗೇಟು ದಾಟಿದೆ. ಗಿಡಗಳ ನಡುವಿನ ಉದ್ದನೆಯ ದಾರಿ, ಅದರ ತುದಿಯಲ್ಲಿ ಹಸಿರು ಪರದೆ ಇಳಿಬಿಟ್ಟ ಅರಮನೆ, ಹುಲ್ಲಿಗೆ ನೀರು ಬಿಟ್ಟಿದ್ದ ಪೈಪು. ವಾಸನೆ ಮೂಗಿಗೆ ತಾಕಿದ್ದೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಜಯಕ್ಕ ಬಂದು ನನಗೆ ಡಿಕ್ಕಿ ಹೊಡೆದಳು.

“ಏನ್ಲೇ, ಚಪ್ಲಿ ಕಿತ್ತೋಯ್ತಾ?”

ಇಲ್ಲ ಅಂದೆ. ಜಯಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ನಾಲ್ಕು ವರ್ಷಕ್ಕೆ ಹಿರಿಯಳು. ನಾವಿಬ್ಬರೂ ಹಿಂದೊಮ್ಮೆ ಇದೇ ತೋಟಕ್ಕೆ ಬಂದಿದ್ದೆವು. ಆಮೇಲಿನ ಇಷ್ಟು ವರ್ಷಗಳಲ್ಲಿ ಮೈಸೂರಿಗೆ ಹೋಗುವ ಬಸ್ಸು ಶ್ರೀರಂಗಪಟ್ಟಣ ದಾಟುವಾಗ ನಮ್ಮ ಮನೆಯವರು ಯಾರೂ ಅರಮನೆಯ ಮಾತೆತ್ತಿದ್ದಿಲ್ಲ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಅವ್ವ ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ನಾನು ಮೊಬೈಲು ತೆಗೆಯುತ್ತಿದ್ದೆ.

ಆ ವರ್ಷ ನನಗೆ ಇಪ್ಪತ್ತಮೂರು. ಮಂಡ್ಯದ ಒಂದು ಸಣ್ಣ ಪತ್ರಿಕೆಯ ಡೆಸ್ಕಿಗೆ ಸೇರಿದ್ದೆ. ತಾಲ್ಲೂಕುಗಳಿಂದ ಬರುವ ಸುದ್ದಿ ತಿದ್ದುವುದು, ಎರಡರ್ಥ ಬರುವ ಮಾತು ಉಳಿಯದಂತೆ ನೋಡಿಕೊಳ್ಳುವುದು, ಶೀರ್ಷಿಕೆ ಕೊಡುವುದು ಕೆಲಸ. ಮದ್ದೂರು ತಾಲ್ಲೂಕಿನ ಕೊಪ್ಪ ನಮ್ಮೂರು. ಅಲ್ಲಿಂದ ದಿನಾ ಬಸ್ಸಿನಲ್ಲಿ ಓಡಾಟ. ಊರಾಚೆ ಗದ್ದೆ ಬಯಲಿನಲ್ಲಿ ಅಪ್ಪನ ಆಲೆಮನೆಯಿತ್ತು. ಬಿ.ಎ. ಮುಗಿಸಿದ್ದ ಅಕ್ಕ ಅದರ ವ್ಯವಹಾರ ನೋಡಿಕೊಳ್ಳುತ್ತಿದ್ದಳು. ದಸರೆ ಮುಗಿದರೂ ಆ ಸಲ ಮಳೆ ಬಿಟ್ಟಿರಲಿಲ್ಲ. ಕಬ್ಬಿನ ಸಿಪ್ಪೆ ಸರಿಯಾಗಿ ಒಣಗದೆ ಒಲೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚಾಗಿತ್ತು. ಮನೆಯಲ್ಲಿ ಎಲ್ಲರ ತಲೆಕೂದಲಿಗೂ ಹೊಗೆಯ ವಾಸನೆ, ಎಲ್ಲರ ಕೈಯೂ ಅಂಟು.

ಅಪ್ಪನ ಕಡೆಯ ಎತ್ತರ ನನಗೆ ಬಂದಿತ್ತು, ಅವ್ವನ ಕಡೆಯದು ಅಕ್ಕನಿಗೆ. ಪಕ್ಕ ಪಕ್ಕ ನಿಂತರೆ ಅವಳ ತಲೆ ನನ್ನ ಭುಜಕ್ಕೆ ಬರುತ್ತಿತ್ತು. ಅಕ್ಕನನ್ನು ನೋಡಲು ಬಂದವರು ಕೇಸರಿಬಾತು ತಿಂದು, ಕಾಫಿ ಕುಡಿದು, ಊರಿಗೆ ಹೋದ ಮೇಲೆ ಹೇಳಿ ಕಳಿಸುತ್ತಿದ್ದರು. ಹುಡುಗಿ ಗಿಡ್ಡ ಎಂದು ಒಬ್ಬರೂ ಅನ್ನಲಿಲ್ಲ. ನಮ್ಮ ಹುಡುಗ ಸ್ವಲ್ಪ ಉದ್ದ ಆದ ಅನ್ನುತ್ತಿದ್ದರು. ಅಕ್ಕ ಅದನ್ನೇ ತಮಾಷೆ ಮಾಡುತ್ತಿದ್ದಳು. ಸೋದರಮಾವನ ಊರು ಮಳವಳ್ಳಿ ತಾಲ್ಲೂಕಿನ ಬಂಡೂರು. ಅಲ್ಲಿನ ಕುರಿ ಕಾಲು ಗಿಡ್ಡ, ಮೈ ತುಂಬ, ಹೆಸರಾದ ತಳಿ. “ನಾನು ಮಾವನ್ ಕಡೆ ಜಾತಿ ಕಣ್ಲೇ. ಗಿಡ್ಡಕ್ಕಿದ್ರೂ ರೇಟು ಜಾಸ್ತಿ, ಅದ್ಕೇ ಯಾರೂ ತಕ್ಕಳಕಿಲ್ಲ” ಎನ್ನುವಳು. ನಾವು ನಗುತ್ತಿದ್ದೆವು. ಒಂದು ದಿನ ಹಾಗೇ ನಗುತ್ತಾ, ಇನ್ನು ಯಾರ ಮುಂದೆಯೂ ತಟ್ಟೆ ಹಿಡಿದುಕೊಂಡು ಬರುವುದಿಲ್ಲ ಎಂದು ಹೇಳಿ ಎದ್ದು ಹೋದಳು. ಅವಳು ಆಡಿದ ಮಾತಿಗೆ ನಿಲ್ಲುವವಳು.

ಅಪ್ಪ, ಅವ್ವ, ಮಾವ ಮೂವರೂ ಸೇರಿ ಮಾಡಿದ ಯೋಚನೆ ನಮಗಿಬ್ಬರಿಗೂ ಆಗ ತಿಳಿಯಲಿಲ್ಲ. ಮಳವಳ್ಳಿಯಲ್ಲಿ ಮಾವನಿಗೆ ಗೊತ್ತಿದ್ದ ಒಂದು ಕುಟುಂಬ. ಹುಡುಗ ಹೈಸ್ಕೂಲು ಮೇಷ್ಟ್ರು. ಹುಡುಗಿಗೆ ಹೇಳದೆ, ತಟ್ಟೆ ಲೋಟದ ಶಾಸ್ತ್ರವಿಲ್ಲದೆ, ಎಲ್ಲಾದರೂ ಹೊರಗೆ ಅವರು ದೂರದಿಂದ ನೋಡಿಕೊಳ್ಳುವುದು. ಒಪ್ಪಿದರೆ ಆಮೇಲೆ ಅವಳಿಗೆ ಹೇಳುವುದು; ಒಪ್ಪದಿದ್ದರೆ ಅವಳಿಗೆ ನೋವಾಗುವುದೇ ಇಲ್ಲ. ಈಗಲೂ ಪಟ್ಟಣಗಳ ಕಡೆ ದೇವಸ್ಥಾನ, ಪಾರ್ಕುಗಳಲ್ಲಿ ಹೀಗೆ ನಡೆಯುತ್ತದೆ. ಆ ಯೋಚನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳನ್ನು ಕಾಪಾಡಲೆಂದೇ ಮಾಡಿದ್ದು.

ನಮಗೆ ಹೇಳಿದ್ದು ಇಷ್ಟು: ಭಾನುವಾರ ಎಲ್ಲರೂ ಹೊರಗೆ ಹೋಗಿ ಬರೋಣ. ಅಕ್ಕ ಮುತ್ತತ್ತಿಗೆ ಹೋಗೋಣ ಅಂದಳು. ಹೊಳೆ ದಂಡೆ, ಆಂಜನೇಯನ ಗುಡಿ, ಅಲ್ಲೇ ಅಡುಗೆ. ಮಾವ ಒಪ್ಪಲಿಲ್ಲ. ಹೊಳೆಯಲ್ಲಿ ನೀರು ಜೋರಾಗಿದೆ ಅಂದ. ನೀರಿಗಿಳಿದು ನೆಂದ ಹುಡುಗಿಯನ್ನು ತೋರಿಸುವುದು ಅವನಿಗೆ ಬೇಡವಾಗಿತ್ತು ಎಂದು ಆಮೇಲೆ ತಿಳಿಯಿತು. ಅರಮನೆ ಎಂದು ತೀರ್ಮಾನವಾಯಿತು. ಹೊರಡುವಾಗ ಅವ್ವ ಅಕ್ಕನಿಗೆ ರೇಷ್ಮೆ ಸೀರೆ ಉಡು ಎಂದು ಗೋಗರೆದಳು. ತೋಟ ನೋಡುವುದಕ್ಕೆ ಯಾರು ರೇಷ್ಮೆ ಉಡುತ್ತಾರೆ ಎಂದು ಅಕ್ಕ ಹಳೆಯ ಚೂಡಿದಾರದಲ್ಲೇ ವ್ಯಾನು ಹತ್ತಿದಳು.

ದಾರಿಯುದ್ದಕ್ಕೂ ಅವಳದೇ ಮಾತು. ಮಂಡ್ಯ ದಾಟುವಾಗ ಮಾವನನ್ನು ರೇಗಿಸಿದಳು, ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಹೊಳೆ ನೋಡಿ ವ್ಯಾನು ನಿಲ್ಲಿಸಿ ಅಂದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಬಹಳ ದಿನವಾಗಿತ್ತು. ಅಪ್ಪ ಮಾತ್ರ ಒಂದು ಸಲವೂ ಅವಳ ಮುಖ ನೋಡಲಿಲ್ಲ.

ಅರಮನೆಯ ಮೆಟ್ಟಿಲ ಬಳಿ ಕಾವಲುಗಾರ ನಮ್ಮ ಬುತ್ತಿಯ ಚೀಲ ತಡೆದ. ತಿಂಡಿ ಒಳಗೆ ಬಿಡುವುದಿಲ್ಲ, ಯಾರಾದರೂ ಹೊರಗೆ ಇಟ್ಟುಕೊಂಡು ಕೂತುಕೊಳ್ಳಿ ಅಂದ. ಪುಳಿಯೋಗರೆ, ಮೊಸರನ್ನ, ನೀರಿನ ಕ್ಯಾನು. ಅಕ್ಕ ಚೀಲ ಕಸಿದುಕೊಂಡಳು.

“ನೀವ್ ನೋಡ್ಕಂಡ್ ಬನ್ನಿ. ಆಮೇಕೆ ಇವ್ಳು ಬಂದು ಕೂತ್ಕತಾಳೆ, ನಾನ್ ಓಯ್ತೀನಿ.”

ಬೇಗ ಬರುತ್ತೇನೆ ಎಂದು ನಾನು ಹೇಳಿದೆ. ಅವ್ವನ ಮುಖ ಕಪ್ಪಿಟ್ಟಿತು. ತಾನೇ ಕೂರುತ್ತೇನೆ ಅಂದಳು. ಮಂಡಿ ನೋವಿನಲ್ಲಿ ಎರಡು ಸಲ ಬರಲಾಗುತ್ತದಾ, ಈಗಲೇ ನೋಡು ಎಂದು ಅಕ್ಕ ಅವಳನ್ನು ಮೆಟ್ಟಿಲ ಕಡೆ ತಳ್ಳಿದಳು.

ಒಳಗೆ ಹೋದವಳು ನಾನು ಬೇಗ ಬರಲಿಲ್ಲ. ಗೋಡೆಯ ತುಂಬ ಯುದ್ಧದ ಚಿತ್ರ. ಸಾಲು ಸಾಲು ಕುದುರೆ, ಕತ್ತಿ, ಒಂದೇ ಅಚ್ಚಿನ ಮೀಸೆಗಳು. ನಡುವೆ ಒಂದು ಪಲ್ಲಕ್ಕಿ. ಅದರಲ್ಲಿ ಸೋತ ಬಿಳಿಯ ಸೇನಾಧಿಕಾರಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಸುತ್ತ ಅಷ್ಟು ಗದ್ದಲ, ಅವನು ಮಾತ್ರ ಬೆರಳು ಕಚ್ಚುತ್ತಿದ್ದಾನೆ. ಅಪ್ಪ, ಅವ್ವ, ಮಾವ ಮುಂದಿನ ಕೋಣೆಗೆ ಹೋಗಿದ್ದರು. ನಾನು ಅವನೆದುರು ನಿಂತಿದ್ದಾಗ ಹೊರಗೆ ಮಳೆ ಶುರುವಾಯಿತು. ಪಕ್ಕದಲ್ಲಿ ಒಬ್ಬ ಹೆಂಗಸು, ಕನ್ನಡಕ ಮರೆತು ಬಂದಿದ್ದೇನೆ, ಬೋರ್ಡಿನಲ್ಲಿ ಏನು ಬರೆದಿದೆ ಓದವ್ವ ಅಂದರು. ಓದಿದೆ. ಮುಂದಿನ ಬೋರ್ಡನ್ನೂ ಓದಿದೆ. ಊರು, ಕೆಲಸ ಕೇಳಿದರು; ಹೇಳಿದೆ. ನನ್ನನ್ನು ಪಾದದಿಂದ ತಲೆಯವರೆಗೆ ನೋಡಿ, “ಚೆನ್ನಾಗ್ ಬೆಳ್ದಿದ್ದೀಯ ಕಣವ್ವ” ಅಂದರು. ಅವರ ಹಿಂದೆ ಒದ್ದೆ ಛತ್ರಿ ಹಿಡಿದು ನಿಂತಿದ್ದ ಯುವಕ ನಾಚಿಕೊಂಡು ನಕ್ಕ. ಆ ನಗು ನನಗೆ ಇಷ್ಟವಾಯಿತು. ಅವರು ಯಾರೆಂದು ನನಗೆ ಗೊತ್ತಿರಲಿಲ್ಲ.

ಮಳೆ ನಿಂತ ಮೇಲೆ ಹೊರಗೆ ಬಂದರೆ ಅಕ್ಕ ತೋಟದ ಒಂದು ಮೂಲೆಯ ಮರದ ಕೆಳಗೆ, ತಲೆ ಮೇಲೆ ಟವೆಲು ಹಾಕಿಕೊಂಡು, ಚೀಲ ಎದೆಗವಚಿಕೊಂಡು ನಿಂತಿದ್ದಳು. ಅವಳು ನೆಂದಿದ್ದಳು, ಪುಳಿಯೋಗರೆ ನೆಂದಿರಲಿಲ್ಲ. ಊಟವಾಯಿತು. ಡ್ರೈವರು ಹೊರಡಲು ಅವಸರ ಮಾಡಿದ. ನೀನು ನೋಡಲೇ ಇಲ್ಲವಲ್ಲ ಅಂದೆ. “ಇರ್ಲಿ ಬುಡು, ಅರಮನೆ ಎಲ್ಲಿಗೋಯ್ತದೆ” ಅಂದಳು.

ಕೆಲವು ದಿನ ಕಳೆದು ಮಾವನ ಫೋನು ಬಂತು. ಆಚೆಯವರು ಹೇಳಿದ್ದನ್ನು ಮಾವ ಹೇಳಿದಂತೆಯೇ ಅವ್ವ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಹೇಳಿದಳು: “ದೊಡ್ಡೋಳು ಒಪ್ಪಿಗೆ.”

ಅಕ್ಕ ಆಲೆಮನೆಯಲ್ಲಿದ್ದಳು. ಅವ್ವ ಅಲ್ಲಿಗೇ ಹೋಗಿ, ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲಿ ಎಲ್ಲವನ್ನೂ ಹೇಳಿದಳು. ಅಕ್ಕನಿಗೆ ಬಂದ ಸಿಟ್ಟು ನಾನು ಮೊದಲು ಕಂಡಿರಲಿಲ್ಲ. ಕುರಿ ತೋರಿಸುವ ಹಾಗೆ ತೋರಿಸಿಬಿಟ್ಟಿರಾ ಅಂದಳು. ಊಟ ಬಿಟ್ಟಳು. ಮಾವನ ಫೋನು ತೆಗೆಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಸ್ಸಿಗೆ ಹೊರಟಿದ್ದ ನನ್ನ ಹಿಂದೆ ಬಂದು, ಮೆಲ್ಲಗೆ ಕೇಳಿದಳು.

“ನಿಜ್ವಾಗ್ಲೂ ನನ್ನೇ ನೋಡಿ ಒಪ್ಕಂಡ್ರಾ? ಮಳೇಲಿ ತಲೆ ಮ್ಯಾಲೆ ಟವಲ್ ಆಕ್ಕಂಡಿದ್ನಲ್ಲಲೇ.”

ಹಾಗಿದ್ದಾಗಲೂ ಒಪ್ಪಿದ್ದಾರೆ ಅಂದರೆ ಲೆಕ್ಕ ಹಾಕಿಕೋ ಅಂದೆ. ಅವಳು ನಕ್ಕಳು. ಆ ನಗುವನ್ನು ಅವಳಿಗೆ ಕೊಟ್ಟವಳು ನಾನು.

ಮಳೆ ಬಿಟ್ಟು ಇಬ್ಬನಿ ಶುರುವಾದ ಆ ವಾರಗಳು ನಮ್ಮ ಮನೆಯ ಒಳ್ಳೆಯ ದಿನಗಳು. ಒಲೆ ಚೆನ್ನಾಗಿ ಉರಿಯತೊಡಗಿತು, ಬೆಲ್ಲದ ಬಣ್ಣ ತಿಳಿಯಾಯಿತು. ಅಕ್ಕ ಮದ್ದೂರಿಗೆ ಹೋಗಿ ರವಿಕೆ ಹೊಲಿಸಲು ಕೊಟ್ಟು ಬಂದಳು. ಮೇಷ್ಟ್ರು ಯಾವ ಪಾಠ ಮಾಡುತ್ತಾರೆ ಎಂದು ವಿಚಾರಿಸಿದಳು. ಸಮಾಜ ವಿಜ್ಞಾನ ಎಂದು ತಿಳಿದು, ಅರಮನೆ ಬಗ್ಗೆ ಕೇಳಿದರೆ ಏನು ಹೇಳಲಿ, ನಾನು ಒಳಗೇ ಹೋಗಿಲ್ಲವಲ್ಲ ಎಂದು ನನ್ನನ್ನು ಕೂರಿಸಿಕೊಂಡು ಗೋಡೆಯ ಚಿತ್ರಗಳ ವಿವರ ಕೇಳಿಕೊಂಡಳು. ನಾನು ಕುದುರೆ, ಪಲ್ಲಕ್ಕಿ, ಬೆರಳು ಕಚ್ಚುವವನು ಎಲ್ಲವನ್ನೂ ಹೇಳಿಕೊಟ್ಟೆ.

ಹೂ ಮುಡಿಸುವುದಕ್ಕೆ ಅವರು ಬಂದರು. ನಮ್ಮ ಕಡೆ ಹುಡುಗನ ತಾಯಿ ಹುಡುಗಿಯ ತಲೆಗೆ ಹೂ ಮುಡಿಸಿದರೆ ಮಾತು ಗಟ್ಟಿಯಾದಂತೆ. ವ್ಯಾನಿನಿಂದ ಇಳಿದವರನ್ನು ಅಡುಗೆ ಮನೆಯ ಕಿಟಕಿಯಿಂದ ನೋಡಿದೆ. ಬೋರ್ಡು ಓದಿಸಿದ ಹೆಂಗಸು. ಛತ್ರಿಯ ಯುವಕ. ಆಗಲೂ ನನಗೆ ಹೊಳೆಯಲಿಲ್ಲ. ಅಯ್ಯೋ, ಇವರು ನನಗೆ ಗೊತ್ತು ಎಂದು ಸಂತೋಷವೇ ಆಯಿತು.

ಅಕ್ಕ ರೇಷ್ಮೆ ಉಟ್ಟು ಬಂದು ಮಣೆಯ ಮೇಲೆ ಕೂತಳು. ಆ ತಾಯಿ ಎರಡು ಕೈಯಲ್ಲಿ ಮಲ್ಲಿಗೆ ದಂಡೆ ಹಿಡಿದು ಎದ್ದು ನಿಂತರು. ಅಕ್ಕನನ್ನು ನೋಡಿ ಮುಗುಳ್ನಕ್ಕು, ಅವಳ ಹಿಂದಿನ ಬಾಗಿಲ ಕಡೆ ನೋಡಿದರು.

“ದೊಡ್ಡೋಳ್ನ ಕರೀರವ್ವ.”

ಅವ್ವ, ಇವಳೇ ದೊಡ್ಡೋಳು ಅಂದಳು.

“ಅಲ್ಲ ಕಣವ್ವ, ಆ ದೊಡ್ಡೋಳು. ಎತ್ತರಕ್ಕೆ, ಬೋರ್ಡ್ ಓದ್ದೋಳು.”

ಮಾವ ಅವರಿಗೆ ಹೇಳಿದ್ದು, ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ, ದೊಡ್ಡೋಳನ್ನು ನೋಡಿಕೊಳ್ಳಿ ಎಂದು. ಅವರು ನೋಡಿಕೊಂಡಿದ್ದರು. ಮಾವ ಹೇಳಿದ್ದರಲ್ಲಿ ಸುಳ್ಳಿಲ್ಲ, ಅವರು ಕೇಳಿಸಿಕೊಂಡಿದ್ದರಲ್ಲಿ ತಪ್ಪಿಲ್ಲ. ಫೋನಿನಲ್ಲಿ ಬಂದ ಎರಡು ಪದದ ಸುದ್ದಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ್ದರು. ವಯಸ್ಸಿನಲ್ಲೋ ಎತ್ತರದಲ್ಲೋ ಎಂದು ಕೇಳಬೇಕಾದವಳು ಆ ಮನೆಯಲ್ಲಿ ಒಬ್ಬಳಿದ್ದಳು. ದಿನಾ ಆ ಕೆಲಸಕ್ಕೇ ಮಂಡ್ಯಕ್ಕೆ ಬಸ್ಸು ಹತ್ತುತ್ತಿದ್ದಳು.

ಆ ತಾಯಿಗೆ ಅರ್ಥವಾಗಿ, ಎತ್ತಿ ಹಿಡಿದಿದ್ದ ದಂಡೆಯನ್ನು ಕೆಳಗಿಳಿಸಿದರು. ಹುಡುಗ ತಲೆ ಬಗ್ಗಿಸಿದ. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಾಗಿಲಿನಷ್ಟೂ ಎತ್ತರಕ್ಕೆ, ಎಲ್ಲರಿಗೂ ಕಾಣುವಂತೆ. ಅಕ್ಕ ಮಣೆಯಿಂದ ಎದ್ದಳು. ಅವರ ಕೈಯಿಂದ ಹೂ ತೆಗೆದುಕೊಂಡಳು.

“ಊವ ಬಾಡೋಯ್ತವೆ. ದೇವ್ರ ಪಟಕ್ಕಾದ್ರೂ ಆಕ್ತೀನಿ” ಅಂದಳು. ಹಾಕಿದಳು. ಪಟ ಎತ್ತರದಲ್ಲಿತ್ತು, ಸ್ಟೂಲು ಎಳೆದುಕೊಂಡು ಹತ್ತಬೇಕಾಯಿತು. ಸಹಾಯಕ್ಕೆ ಯಾರೂ ಏಳಲಿಲ್ಲ. ನಾನು ಕೈ ಚಾಚಿದರೆ ಎಟುಕುತ್ತಿತ್ತು.

ಅವರು ಕಾಫಿ ಕುಡಿಯದೆ ಹೋದರು. ಮಾವ ನಮ್ಮ ಮನೆಯ ಹೊಸಲು ದಾಟಲು ನಾಚಿ ಬಂಡೂರಿನಲ್ಲೇ ಉಳಿದ. ಸ್ವಲ್ಪ ದಿನಕ್ಕೆ ಆ ಹುಡುಗ ಮಂಡ್ಯಕ್ಕೆ ಬಂದು, ಆಫೀಸಿನ ಎದುರಿನ ಹೋಟೆಲಿನಲ್ಲಿ ನನ್ನೆದುರು ಕೂತು ಕ್ಷಮೆ ಕೇಳಿದ. ಮರದ ಕೆಳಗೆ ಟವೆಲು ಹಾಕಿಕೊಂಡು ನಿಂತಿದ್ದವರನ್ನು ನೋಡಿದ ನೆನಪಿದೆ, ಯಾರೋ ಮಳೆಗೆ ಸಿಕ್ಕಿದವರು ಅಂದುಕೊಂಡೆ ಅಂದ. ಇನ್ನೇನೂ ಕೇಳಲಿಲ್ಲ. ಮತ್ತೆ ಬಂದ. ನಾನು ಬರಬೇಡಿ ಅನ್ನಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಅಕ್ಕ ನಮ್ಮದೇ ಬೆಲ್ಲ ಕತ್ತರಿಸಿ ಎಳ್ಳು ಕಲೆಸುತ್ತಾ ಕೂತಿದ್ದಳು. ಅಷ್ಟು ಹೊತ್ತಿಗೆ ಆ ಕಡೆಯಿಂದ ನನಗಾಗಿ ಹೇಳಿ ಕಳಿಸಿದ್ದರು. ದೊಡ್ಡವಳನ್ನು ಇಟ್ಟುಕೊಂಡು ಚಿಕ್ಕವಳ ಮದುವೆ ಮಾಡಿದರೆ ದೊಡ್ಡವಳನ್ನು ಆಮೇಲೆ ಯಾರು ಕೇಳುತ್ತಾರೆ ಎಂದು ಅವ್ವ ಅಳುತ್ತಿದ್ದಳು. ನಾನು ಆಗುವುದಿಲ್ಲ ಅಂದಿದ್ದೆ. ಅಕ್ಕ ಕತ್ತಿ ಕೆಳಗಿಟ್ಟಳು.

“ನೀನ್ ಬ್ಯಾಡ ಅಂದ್ರೆ ಅವ್ನು ನಂಗ್ ಸಿಕ್ತಾನಾ?”

ಇಲ್ಲ ಅಂದೆ.

“ನಿಂಗ್ ಇಷ್ಟಾನಾ?”

ಬೆಲ್ಲದ ಚೂರುಗಳನ್ನು ಎಳ್ಳಿಗೆ ಸುರಿದೆ.

“ಮತ್ಯಾಕ್ಲೇ ಇಬ್ರೂ ಉಪಾಸ ಇರ್ಬೇಕು” ಎಂದು ಮತ್ತೆ ಬೆಲ್ಲ ಕತ್ತರಿಸತೊಡಗಿದಳು.

ಮಾಘದಲ್ಲಿ ಮಳವಳ್ಳಿಯ ಛತ್ರದಲ್ಲಿ ಮದುವೆಯಾಯಿತು. ಫೋಟೋ ತೆಗೆಯುವವನು, ಅಕ್ಕಾವ್ರೇ ಸ್ವಲ್ಪ ಮುಂದೆ ಬನ್ನಿ, ಹಿಂದಿದ್ದರೆ ಕಾಣಲ್ಲ ಅಂದ. ಅವಳು ಮುಂದೆ ಬಂದಳು. ಮದ್ದೂರಿನಲ್ಲಿ ಹೊಲಿಸಿದ್ದ ರವಿಕೆಗಳಲ್ಲಿ ಒಂದನ್ನು ಹಾಕಿದ್ದಳು.

ಆಮೇಲಿನದ್ದು ಚಿಕ್ಕದು. ಅಕ್ಕನಿಗೆ ಮದುವೆಯಾಗಲಿಲ್ಲ. ಮಾವ ಒಂದು ದಿನ ಕೊಪ್ಪಕ್ಕೆ ಬಂದು, ಒಳಗೆ ಬರದೆ, ಎರಡು ಹೆಣ್ಣು ಕುರಿಮರಿ ಕಟ್ಟಿ ಹೋದ. ಅವೇ ಇವತ್ತು ಆಲೆಮನೆಯ ಹಿಂದೆ ಒಂದು ಹಿಂಡಾಗಿವೆ. ತಳಿಗೆ ಮರಿ ಬೇಕೆಂದು ದೂರದಿಂದ ಜನ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಕೇಳುವುದು, ಗಿಡ್ಡಕ್ಕಿರುವುದನ್ನು ಕೊಡಿ ಎಂದು. ನಮ್ಮತ್ತೆ ಪ್ರತಿ ಬೇಸಿಗೆ ಮೊದಲ ಮಾವಿನಹಣ್ಣು ಅವಳಿಗೆ ಕಳಿಸದೆ ತಾವು ತಿನ್ನುವುದಿಲ್ಲ. ನನಗೆ ಹಿಮ್ಮಡಿ ಎತ್ತರದ ಚಪ್ಪಲಿ ಹಾಕುವ ಅಭ್ಯಾಸ ಹೋಯಿತು. ನನ್ನ ಸಂಸಾರ ಚೆನ್ನಾಗಿದೆ. ಅಕ್ಕ ಮನೆಗೆ ಬಂದ ದಿನ ನಾನೂ ನನ್ನ ಗಂಡನೂ ಒಂದೇ ಸೋಫಾದಲ್ಲಿ ಕೂರುವುದಿಲ್ಲ. ಮಾತಾಡಿಕೊಂಡು ಮಾಡಿದ್ದಲ್ಲ, ಹಾಗಾಗಿದೆ.

ಎರಡನೇ ಕ್ಲಾಸಿನ ಮಗಳು ಇಂಚರ ಅರಮನೆ ನೋಡಬೇಕೆಂದು ಹಟ ಹಿಡಿದಾಗ, ದೊಡ್ಡಮ್ಮ ಬಂದರೆ ಮಾತ್ರ ಎಂದೂ ಸೇರಿಸಿದಳು. ಕುರಿ ಯಾರು ನೋಡುತ್ತಾರೆ ಎಂದು ಅಕ್ಕ ತಪ್ಪಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಬರುತ್ತೇನೆ ಅಂದಳು. ಗಂಡ, ಶಾಲೆಯ ಕೆಲಸವಿದೆ ಎಂದು ಹಿಂದುಳಿದ. ಭಾನುವಾರ ಯಾವ ಶಾಲೆ ಎಂದು ನಾನು ಕೇಳಲಿಲ್ಲ.

ಮೆಟ್ಟಿಲ ಬಳಿ ಈ ಸಲವೂ ಬುತ್ತಿಯ ಚೀಲ ತಡೆದರು. ಅಕ್ಕನ ಕೈ ತಾನಾಗಿ ಮುಂದೆ ಬಂತು. ನಾನು ಚೀಲ ಹಿಂದಕ್ಕೆ ಎಳೆದುಕೊಂಡೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ಇಂಚರಳ ಜೊತೆ ಮೆಟ್ಟಿಲು ಹತ್ತಿದಳು. “ದೊಡ್ಡಮ್ಮ, ನೀನು ಗಿಡ್ಡ ಇದ್ರೂ ಯಾಕೆ ದೊಡ್ಡಮ್ಮ?” ಎಂದು ಮಗಳು ಕೇಳುವುದು ಕೇಳಿಸಿತು. ಅಕ್ಕ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ. ಇಬ್ಬರೂ ನಗುತ್ತಾ ಒಳಗೆ ಹೋದರು.

ಆ ಮೂಲೆಯ ಮರದ ಕೆಳಗೆ ಹೋಗಿ ಕೂತೆ. ಅಲ್ಲಿಂದ ಅರಮನೆಯ ಪರದೆಯ ಬೆನ್ನು ಮಾತ್ರ ಕಾಣುತ್ತದೆ. ಒಳಗೆ ಹೋದವರು ಏನು ಮಾಡುತ್ತಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಒಂದೂ ತಿಳಿಯುವುದಿಲ್ಲ. ಜನ ಮುಂದೆ ಹಾದು ಹೋಗುತ್ತಾರೆ; ಚೀಲ ಕಾಯುತ್ತ ಕೂತವರನ್ನು ಯಾರೂ ನೋಡುವುದಿಲ್ಲ. ಅಂದು ಅವಳು ಮಳೆಯಲ್ಲಿ ಎಷ್ಟು ಹೊತ್ತು ಹೀಗೆ ನಿಂತಿದ್ದಳು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಅಂದುಕೊಂಡಿದ್ದಕ್ಕಿಂತ ಬೇಗ ಅವಳು ಹೊರಗೆ ಬಂದಳು. ಮಗಳು ಪಾರಿವಾಳದ ಹಿಂದೆ ಗೇಟಿನ ಕಡೆ ಓಡಿದಳು. ಅಕ್ಕ ನೇರ ನನ್ನೆದುರು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ನಾನು ಕೂತಿದ್ದೆ, ಅವಳು ನಿಂತಿದ್ದಳು. ಆ ಕ್ಷಣಕ್ಕೆ ಅವಳೇ ಎತ್ತರ.

“ಅಷ್ಟೇಯಾ? ಇದ್ಕಾ ಅಷ್ಟೊತ್ತು ನಿಂತಿದ್ದೆ?”

ಅರಮನೆಯ ಕಡೆ ಕೈ ಮಾಡಿದಳು.

“ಒಳ್ಗೊಬ್ಬ ಪಲ್ಲಕ್ಕೀಲಿ ಬೆರಳು ಕಚ್ಕಂಡ್ ಕೂತವ್ನೆ. ಈಚ್ಗೆ ಬಂದ್ರೆ ಇಲ್ ನೀನು. ಸಾಕು ಬುಡ್ಲೇ.”

ಬಾಯಿಂದ ಬೆರಳು ತೆಗೆದೆ. ಅವಳು ಚೀಲಕ್ಕೆ ಕೈ ಹಾಕಿದಳು. ನಾನು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಕೊನೆಗೆ ಒಂದು ಹಿಡಿಕೆ ಅವಳು, ಒಂದು ಹಿಡಿಕೆ ನಾನು ಹಿಡಿದು, ಊಟಕ್ಕೆ ಜಾಗ ಹುಡುಕುತ್ತಾ ಆ ಉದ್ದನೆಯ ದಾರಿಯಲ್ಲಿ ಹೊರಟೆವು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಡಬ್ಬಿಗಳೆಲ್ಲ ಅವಳ ಕಡೆಗೆ ಜಾರಿದವು. ಎತ್ತರದವರು ಕೈ ಇಳಿಸದಿದ್ದರೆ ಭಾರ ಗಿಡ್ಡವರ ಮೇಲೇ ಬೀಳುತ್ತದೆ. ನಾನು ಭುಜ ಬಗ್ಗಿಸಿ, ಕೈ ಇಳಿಸಿ, ಗೇಟಿನವರೆಗೂ ಹಾಗೇ ನಡೆದೆ.